ಜೀಪು ಬಾರದ ಊರಿನ ಗೌಡರು

ಅಂದಾನಗೌಡ ಮಾವ ಊರುಗಳನ್ನು ಅಳೆಯುತ್ತಿದ್ದುದು ಪೊಲೀಸ್ ಜೀಪಿನಿಂದ. ಯಾರಾದರೂ ಮಗಳಿಗೆ ಗಂಡು ನೋಡಿದ್ದೇವೆ ಎಂದು ಬಂದರೆ ಹುಡುಗನ ಓದು, ಹೊಲ, ನೌಕರಿ ಒಂದನ್ನೂ ವಿಚಾರಿಸುತ್ತಿರಲಿಲ್ಲ. "ಆ ಊರಿಗೆ ಜೀಪ್ ಬರತೈತೇನು?" ಎಂಬುದೇ ಮೊದಲ ಪ್ರಶ್ನೆ. ಬರುತ್ತದೆ ಎಂದರೆ ಮುಗಿಯಿತು. ತಲೆಯ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಳ್ಳುತ್ತ, "ಬಿಟ್ಟುಬಿಡ್ರಿ, ಛಲೋ ಊರಲ್ಲ ಅದು" ಎನ್ನುತ್ತಿದ್ದರು. ಅವರ ಊರು ಕುಷ್ಟಗಿಯಿಂದ ಯಲಬುರ್ಗಾ ಕಡೆ ಹೋಗುವ ದಾರಿಯಲ್ಲಿ, ಎರೆಹೊಲಗಳ ನಡುವೆ ಒಳಕ್ಕೆ ಸರಿದು ಕೂತಿದೆ. ಅಲ್ಲಿಗೆ ಜೀಪು ಬಂದದ್ದನ್ನು ನಾನಂತೂ ಕಂಡಿಲ್ಲ.

ಅವರು ನನ್ನ ಸೋದರತ್ತೆಯ ಗಂಡ. ಬೇಸಿಗೆ ರಜೆ ಬಂತೆಂದರೆ ಮನೆಯವರು ಕೊಪ್ಪಳದಿಂದ ನನ್ನನ್ನು ಅಲ್ಲಿಗೆ ಕಳಿಸುತ್ತಿದ್ದರು. ಬೆಳಿಗ್ಗೆ ಎದ್ದವರೇ ಮಾವ ಓಣಿ ಓಣಿ ಸುತ್ತಿ, ಮನೆ ಮನೆಯ ಬಾಗಿಲಲ್ಲಿ ನಿಂತು, "ಯವ್ವಾ, ಒಲಿ ಹಚ್ಚೀರೋ ಇಲ್ಲೋ?" ಎಂದು ಕೂಗುತ್ತಿದ್ದರು. ಒಲೆ ಹಚ್ಚದ ಮುದುಕಿ ಇದ್ದರೆ ಅತ್ತೆ ರೊಟ್ಟಿ ಕಟ್ಟಿ ಕಳಿಸಬೇಕು. ಒಮ್ಮೆ ಯಾರೋ ಊರಿಗೆ ಹೊಂದಿಕೊಂಡಂತೆ ಸಾರಾಯಿ ಅಂಗಡಿ ತೆರೆದರಂತೆ. ಮಾವ ಬೈಯಲಿಲ್ಲ, ಹೊಡೆಯಲಿಲ್ಲ. ತಮ್ಮ ಎಮ್ಮೆಗಳನ್ನೆಲ್ಲ ತಂದು ಅಂಗಡಿಯ ಬಾಗಿಲಿಗೆ ಕಟ್ಟಿ, ಎದುರಿಗೆ ಕಂಬಳಿ ಹಾಸಿ ಕೂತುಬಿಟ್ಟರು. ಕುಡಿಯಲು ಬಂದವನು ಎಮ್ಮೆಗಳ ಸಂದಿಯಲ್ಲಿ ನುಸುಳಿ, ಗೌಡರ ಮುಖ ನೋಡಿಕೊಂಡೇ ಒಳಗೆ ಹೋಗಬೇಕು. ಅಂಗಡಿಯವನು ಸಗಣಿ ಬಳಿದು ಬಳಿದು ಸಾಕಾಗಿ ಗಂಟುಮೂಟೆ ಕಟ್ಟಿದ. ಈ ಕಥೆ ನೆನೆದರೆ ಈಗಲೂ ನನಗೆ ನಗು ಬರುತ್ತದೆ, ಹೆಮ್ಮೆಯೂ ಆಗುತ್ತದೆ.

ಊರಿನ ಜಗಳಗಳೆಲ್ಲ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಮುಗಿಯುತ್ತಿದ್ದವು. ಎರಡೂ ಕಡೆಯವರನ್ನು ಕೂಡಿಸಿ, ಬೈಯುವವರಿಗೆ ದಣಿಯುವವರೆಗೆ ಬೈಯಲು ಬಿಟ್ಟು, ಕೊನೆಗೆ ಮಾವ ಚಹಾ ತರಿಸುತ್ತಿದ್ದರು. ಇಬ್ಬರಿಗೂ ಸೇರಿ ಒಂದೇ ಚಹಾ. ಅರ್ಧ ಬಸಿಗೆ ಸುರುವಿ, ಕಪ್ಪನ್ನು ಒಬ್ಬರಿಗೆ, ಬಸಿಯನ್ನು ಇನ್ನೊಬ್ಬರಿಗೆ ಕೊಡುತ್ತಿದ್ದರು. ಕುಡಿದರೆ ರಾಜಿ ಆದಂತೆ. ಆಮೇಲೆ ಆ ಮಾತನ್ನು ಯಾರೂ ಎತ್ತುವಂತಿಲ್ಲ, ಸ್ಟೇಷನ್ ಮೆಟ್ಟಿಲು ಹತ್ತುವಂತಿಲ್ಲ. ರಾಜಿ ಮುರಿದವರನ್ನು ಊರಲ್ಲಿ ಯಾರೂ ಮಾತಾಡಿಸುವುದಿಲ್ಲ. ಬದು ಒತ್ತಿದ್ದಕ್ಕೂ, ಅಣ್ಣತಮ್ಮಂದಿರ ಪಾಲಿಗೂ, ಗಂಡ ಹೆಂಡಿರ ಹೊಡೆದಾಟಕ್ಕೂ ಅದೇ ಚಹಾ.

ಇದನ್ನು ಒಪ್ಪದವರೆಂದರೆ ಮಾವನ ತಮ್ಮ ವಿರುಪಣ್ಣ. ಅವರದು ಗಂಗಾವತಿಯಲ್ಲಿ ಗೊಬ್ಬರದ ಅಂಗಡಿ. ಕಾಲುವೆ ನೀರು, ಭತ್ತ, ರೈಸ್ ಮಿಲ್ಲು, ಆಂಧ್ರದಿಂದ ಬಂದು ಕ್ಯಾಂಪು ಕಟ್ಟಿಕೊಂಡ ತೆಲುಗು ಜನ, ಇವುಗಳ ನಡುವೆ ಬೆಳೆದ ವ್ಯಾಪಾರ. ಹಬ್ಬಕ್ಕೆ ಬಂದಾಗಲೆಲ್ಲ ಅಣ್ಣತಮ್ಮಂದಿರು ಹೋಳಿಗೆ ಮುಂದಿಟ್ಟುಕೊಂಡು ಕಾದಾಡುತ್ತಿದ್ದರು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲಂತೂ ವಾದ ಇನ್ನಷ್ಟು ಏರಿತು.

"ಬಸ್ ಪುಕ್ಕಟ್ಟಿ ಕೊಟ್ಟಾರ, ಕೈಗೆ ರೊಕ್ಕಾನೂ ಕೊಡತಾರ. ಇನ್ನ ಯಾರ ಮಾತು ಯಾರು ಕೇಳತಾರ?" ಎನ್ನುತ್ತಿದ್ದರು ಮಾವ. "ಬಿಗಿ ಇದ್ರ ಊರು ಉಳಿತೈತಿ, ತಮ್ಮಾ."

"ಅಷ್ಟು ಬಿಗಿ ಮಾಡಿದ್ರ ಉಸಿರಾಡೂದು ಹೆಂಗಣ್ಣಾ? ನಿಮ್ಮೂರಾಗ ಕೇಸ್ ಇಲ್ಲಂದ್ರ ಜಗಳ ಇಲ್ಲಂತ ಅಲ್ಲ. ಹೇಳಾಕ ಜಾಗ ಇಲ್ಲಂತ."

"ನಿಮ್ಮ ಕಡೆ ಹೇಳಾಕ ಜಾಗ ಐತಿ, ಕೇಳಾಂವ ಯಾರದಾನ? ಕೋರ್ಟಿಗೆ ಅಡ್ಡಾಡಿ ಅಡ್ಡಾಡಿ ಎರಡೂ ಮನಿ ಹಾಳಾಗತಾವ."

ನಾನು ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡುವವಳಲ್ಲವೇ, ಇಬ್ಬರೂ ತೀರ್ಪಿಗೆ ನನ್ನ ಕಡೆ ತಿರುಗುತ್ತಿದ್ದರು. ಗಂಗಾವತಿಯಲ್ಲಿ ಹುಡುಗಿಯರು ಸ್ಕೂಟಿ ಏರಿ ಕಾಲೇಜಿಗೆ ಹೋಗುವುದನ್ನು ನೋಡಿದ್ದೆ. ಅದೇ ಬೀದಿಯಲ್ಲಿ ಕುಡಿದು ಬಿದ್ದ ಗಂಡನನ್ನು ಹೆಂಡತಿ ಆಟೋಗೆ ಎಳೆದು ಹಾಕುವುದನ್ನೂ ನೋಡಿದ್ದೆ. ಯಾರ ಪರ ಹೇಳಲಿ? ಇನ್ನೊಂದು ಹೋಳಿಗೆ ಹಾಕಿಸಿಕೊಂಡು ಸುಮ್ಮನಾಗುತ್ತಿದ್ದೆ.

ಸುಮ್ಮನಿರಲಾಗದಂತೆ ಮಾಡಿದವಳು ನೀಲಮ್ಮ. ಮಾವನ ಹಿತ್ತಿಲಿಗೆ ಹೊಂದಿಕೊಂಡ ಮನೆಯವಳು. ಗಂಡನ ಹೊಡೆತ ತಾಳಲಾರದೆ ಕಟ್ಟೆಗೆ ಬಂದಿದ್ದಳು. "ಇನ್ನ ಮ್ಯಾಲೆ ಕೈ ಎತ್ತಂಗಿಲ್ಲಂತ ಆಣಿ ಮಾಡ್ಯಾನ, ಹೋಗವ್ವ" ಎಂದು ಮಾವ ಬಸಿ ಕೊಟ್ಟು ಕಳಿಸಿದ್ದರು. ಮುಂದಿನ ಸಲ ನಾನು ಹೋದಾಗ ಅವಳ ಕಣ್ಣು ಊದಿಕೊಂಡಿತ್ತು. ಕೇಳಿದರೆ, "ಬಾಗಲಾ ಬಡೀತ್ರಿ ಅಕ್ಕಾರ" ಎಂದಳು. ನನಗೆ ಸಿಟ್ಟು ನೆತ್ತಿಗೇರಿ ಮಾವನ ಮುಂದೆ ಕೂಗಾಡಿದೆ. ಅವರು ಅಡಿಕೆ ಕತ್ತರಿಸುತ್ತ, "ರಾಜಿ ಆಗೇತವ್ವ. ಆಕಿ ಮತ್ತ ಬಂದು ಹೇಳಿಲ್ಲ" ಎಂದರು.

ಶಿವಲೀಲಾ ಮಾವನ ಒಬ್ಬಳೇ ಮಗಳು. ಕಣ್ಣೆದುರಿಗೇ ಇರಲಿ ಎಂದು ಊರಲ್ಲೇ ಕೊಟ್ಟಿದ್ದರು. ಒಂದು ಯುಗಾದಿಯ ಮರುದಿನ, ನಾನೂ ಅಲ್ಲಿದ್ದೆ, ಅವಳು ಬಲಗೈಗೆ ಬಟ್ಟೆ ಸುತ್ತಿಕೊಂಡು ಬಂದಳು. ತವರಿಗೆ ಬರಲಿಲ್ಲ, ಎಲ್ಲರಂತೆ ನೇರ ಕಟ್ಟೆಗೆ ಹೋಗಿ ನಿಂತಳು. ಗಂಡ ಬಡಿಗೆಯಿಂದ ಹೊಡೆದಿದ್ದ. ಇಡೀ ಊರು ನೆರೆಯಿತು. ಹಿಂದೆ ನೀಲಮ್ಮ ಕೊಡ ಹೊತ್ತು ನಿಂತಿದ್ದಳು, ಅವಳಂಥವರು ಇನ್ನೂ ಕೆಲವರು. ಮಾವ ಮಗಳನ್ನು ನೋಡಿದರು, ಆ ಹೆಂಗಸರನ್ನು ನೋಡಿದರು. ಮಗಳನ್ನು ಮನೆಗೆ ಕರೆದುಕೊಂಡರೆ ಇವರಿಗೆ ಏನು ಹೇಳುವುದು? ಅವರು ಬೇರೆ ಹಿರಿಯರಿಗೆ ನ್ಯಾಯ ಹೇಳುವ ಜಾಗ ಬಿಟ್ಟುಕೊಡುತ್ತಾರೆಂದು ನಾನು ಆಸೆಯಿಂದ ಕಾದೆ. ಬಿಟ್ಟುಕೊಡಲಿಲ್ಲ. ಅಳಿಯ ಆಣೆ ಮಾಡಿದ. ಚಹಾ ಬಂತು. ಸುರುವುವಾಗ ಮಾವನ ಧೋತರದ ಮೇಲೆಲ್ಲ ಚೆಲ್ಲಿತು.

"ಅಪ್ಪಾ, ಇದನ್ನ ಕುಡದ್ರ ನಾ ಅಲ್ಲೇ ಸಾಯಬೇಕಾಕ್ಕೈತಿ" ಎಂದಳು ಶಿವಲೀಲಾ.

"ಕುಡಿಯವ್ವ" ಎಂದರು ಮಾವ.

ಅವಳು ಎಡಗೈಯಲ್ಲಿ ಬಸಿ ಹಿಡಿದು ಕುಡಿದಳು. ಅತ್ತೆ ಅಂದು ಮಾವನಿಗೆ ಊಟಕ್ಕೆ ನೀಡಲಿಲ್ಲ, ಮಾವ ಕೇಳಲೂ ಇಲ್ಲ.

ಮಳೆಗಾಲದಲ್ಲಿ ಶಿವಲೀಲಾ ಹೊಲಕ್ಕೆ ಹೋಗುತ್ತೇನೆಂದು ಹೊರಟು, ಆಧಾರ್ ಕಾರ್ಡೊಂದನ್ನೇ ಕುಪ್ಪಸದಲ್ಲಿ ಇಟ್ಟುಕೊಂಡು ಬಸ್ ಹತ್ತಿದಳು. ಸಂಜೆಗೆ ಗಂಗಾವತಿಯ ಚಿಕ್ಕಪ್ಪನ ಮನೆಯಲ್ಲಿದ್ದಳು. ಊರಿನ ಹಿರಿಯರು ಬಂದು ಮಾವನ ಪಡಸಾಲೆಯಲ್ಲಿ ಕೂತರು. "ಗೌಡ್ರ, ಕರಕೊಂಡು ಬರ್ರಿ. ನಿಮ್ಮ ಮಗಳ ರಾಜಿ ಮುರದ್ರ ನಾಳೆ ಯಾರು ಕೇಳತಾರ?" ಮಾವ ನನಗೆ ಫೋನ್ ಮಾಡಿ ಜೊತೆಗೆ ಬಾ ಎಂದರು. ಬಸ್ಸಿನ ತುಂಬ ಹೆಂಗಸರು. ಅವರು ಇಷ್ಟು ದಿನ ಬೈದ ಪುಕ್ಕಟೆ ಬಸ್ಸಿನಲ್ಲಿ ನಾನು ಕೂತಿದ್ದೆ, ಟಿಕೆಟ್ ತೆಗೆಸಿದ ಮಾವ ಕಂಬಿ ಹಿಡಿದು ಜೋಲಿ ಹೊಡೆಯುತ್ತ ನಿಂತಿದ್ದರು. ಬೇರೆ ದಿನವಾಗಿದ್ದರೆ ಚೇಷ್ಟೆ ಮಾಡುತ್ತಿದ್ದೆ. ಸೀಟು ಬಿಟ್ಟುಕೊಟ್ಟರೂ ಕೂರಲಿಲ್ಲ.

ವಿರುಪಣ್ಣ ಬೇಕೆಂತಲೇ ಅಂಗಡಿಗೆ ಹೋಗಿದ್ದರು. ಶಿವಲೀಲಾ ನೀರು ತಂದಿಟ್ಟು ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತಳು.

"ಶಿವಲೀಲಾ, ನಿನ್ನ ಕರಿಯಾಕ ಬಂದೀನಿ" ಎಂದರು ಮಾವ. ಅವಳು ಬಾಗಿಲ ಕಡೆಗೆ ಸರಿದಳು. "ಕರದೀನಿ. ಕೇಳಿಸ್ತಿಲ್ಲೋ?"

"ಕೇಳಿಸ್ತು."

"ಹಂಗಾರ ನೀ ಬರಬ್ಯಾಡ."

ನನಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಮಾವ ನೆಲ ನೋಡಿಕೊಂಡೇ ಹೇಳಿದರು, "ಕರದ್ರೂ ಬರಲಿಲ್ಲಂತ ಊರಾಗ ಹೇಳತೀನಿ. ಇನ್ನ ನಿನ್ನ ಜೋಡಿ ನನಗ ಮಾತಿಲ್ಲ. ರಾಜಿ ಮುರದವ್ರ ಜೋಡಿ ಯಾರಿಗೂ ಮಾತಿಲ್ಲ."

"ಆ ಕಟ್ಟಳಿ ನೀನ ಕಟ್ಟೀದಿ, ನೀನ ಬಿಚ್ಚಪಾ" ಎಂದು ಅವಳು ಅಳತೊಡಗಿದಳು.

"ಬಿಚ್ಚಿದ್ರ, ಇಷ್ಟು ವರ್ಷ ಕಟ್ಟಿಸಿಕೊಂಡವ್ರಿಗೆ ಏನಂತ ಹೇಳ್ಲಿ?"

ನೀರು ಮುಟ್ಟದೆ ಎದ್ದರು. ಅವರ ಮೇಲೆ ಅಷ್ಟು ಪ್ರೀತಿ ಮತ್ತು ಅಷ್ಟು ಕೋಪ ನನಗೆ ಒಟ್ಟಿಗೆ ಎಂದೂ ಬಂದಿರಲಿಲ್ಲ.

ಆಡಿದಂತೆ ನಡೆದರು. ಮಗಳ ಫೋನು ಬಂದರೆ ಹೊರಗೆ ಹೋಗುತ್ತಿದ್ದರು, ಆದರೆ ಅತ್ತೆ ಮಾತಾಡಿ ಮುಗಿಸುವವರೆಗೆ ಕಿಟಕಿಯ ಹೊರಗೇ ನಿಂತಿರುತ್ತಿದ್ದರು. ಕಟ್ಟೆಗೆ ಮಾತ್ರ ಹೋಗುವುದು ಬಿಡಲಿಲ್ಲ. ಬಿಡುತ್ತೇನೆಂದರೂ ಊರು ಬಿಡಲಿಲ್ಲ. ಮಗಳನ್ನೇ ಬಿಟ್ಟ ಗೌಡರೆಂದು ಜನ ಮೊದಲಿಗಿಂತ ಹೆಚ್ಚು ನಂಬಿದರು. ಎದುರಿಗೆ ಹೊಗಳಿದರೆ ಮಾವ ರುಮಾಲು ಬಿಚ್ಚಿ ಮುಖ ಒರೆಸಿಕೊಳ್ಳುತ್ತಿದ್ದರು.

ಕಡೆಗೆ ಉಸಿರಿನ ತೊಂದರೆಯಾಗಿ ಕೊಪ್ಪಳದ ಆಸ್ಪತ್ರೆ ಸೇರಿದರು. ತೀರಿಕೊಳ್ಳುವ ಮೊದಲು ನಾನು ಅವರನ್ನು ಕೊನೆಯ ಸಲ ನೋಡಿದ್ದು ಅಲ್ಲಿಯೇ, ಒಂದು ಮಧ್ಯಾಹ್ನ. ಶಿವಲೀಲಾಳನ್ನು ಕರೆಸಲೇ ಎಂದು ಕೇಳಿದರೆ ಬೇಡವೆಂದು ಕೈ ಆಡಿಸಿದರು. ಊರಿಂದ ನೀಲಮ್ಮ ಗಂಜಿ ತಂದಿದ್ದಳು. ಚಮಚದಿಂದ ಅವಳೇ ಕುಡಿಸುತ್ತಿದ್ದಳು.

"ಗೌಡ್ರ, ಒಂದ ಮಾತು ಕೇಳ್ಲ್ಯಾ? ಶಿವಲೀಲಾ ಫೋನ್ ಮಾಡಿದ್ಲು. ಬರಬ್ಯಾಡಂತ ನೀವ ಅಂದ್ರಂತ, ಹೌದೇನ್ರಿ?"

ಮಾವ ಹೂಂ ಎಂದರು.

"ನನಗ್ಯಾಕ ಅನಲಿಲ್ರಿ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ತಿಳಿದುಕೊಳ್ಳುವ ಆಸೆಯಿತ್ತು. ಮಾವನ ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯಿತು. ನೀಲಮ್ಮ ಅದನ್ನು ಸೆರಗಿನಿಂದ ಒರೆಸಿ, ಉಳಿದ ಗಂಜಿ ಕುಡಿಸಿ, ಬಟ್ಟಲು ತೊಳೆದುಕೊಂಡಳು. "ಹೊತ್ತು ಮುಣಗೂದ್ರಾಗ ಮನಿ ಸೇರಬೇಕ್ರಿ ಅಕ್ಕಾರ, ಇಲ್ಲಂದ್ರ ಅಂವ ಸುಮ್ನ ಬಿಡಂಗಿಲ್ಲ" ಎಂದು ನನಗೆ ಹೇಳಿ ಲಗುಬಗೆಯಿಂದ ಹೊರಟಳು.