ಮನೆ ನೋಡಲು ಹೋದ ಥಿಯರಿಸ್ಟ್

ಕಾಕಾನಿಗೆ ಏನು ಕೆಲಸ ಎಂದು ಶಹಾಬಾದಿನಲ್ಲಿ ಯಾರಾದರೂ ಕೇಳಿದರೆ ಅಪ್ಪ ಮಾತು ಬದಲಿಸುತ್ತಿದ್ದ. ಅಪ್ಪನ ಬೆನ್ನಿಗೆ ಹುಟ್ಟಿದ ಈ ತಮ್ಮ ದಿನವಿಡೀ ಬಾಗಿಲ ಮುಂದಿನ ಹಾಸುಗಲ್ಲಿನ ಮೇಲೆ ಕೂತು ಯೋಚಿಸುತ್ತಿದ್ದ. ಒಮ್ಮೆ ವಾಡಿ ಸ್ಟೇಷನ್ನಿನಲ್ಲಿ, ತಡವಾಗಿರುವುದು ರೈಲಿಗೋ ಕಾಯುವವನಿಗೋ ಎಂದು ವಿಚಾರ ಮಾಡುತ್ತಿರುವಾಗ ರೈಲು ಬಂದು ಹೋಯಿತು.

ನಾನು ಸೇಡಂನ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಇಂಥವರಿಗೆ ಥಿಯರಿಸ್ಟ್ ಎನ್ನುತ್ತಾರೆ ಎಂದು ಮನೆಯಲ್ಲಿ ಹೇಳಿದೆ. ಅದರ ಬೇರು ಗ್ರೀಕ್. ಮೂಲದಲ್ಲಿ ನೋಡುವವನು ಎಂದರ್ಥ. ಆ ಕಾಲದಲ್ಲಿ ಊರಿನವರು ಒಬ್ಬನನ್ನು ಆರಿಸಿ ಪರವೂರಿನ ಉತ್ಸವಕ್ಕೆ ಕಳಿಸುತ್ತಿದ್ದರಂತೆ. ನೋಡುವುದು, ಬಂದು ಹೇಳುವುದು, ಅಷ್ಟೇ ಅವನ ಕೆಲಸ.

"ಹಂಗಾರ ಇವಗೂ ಎಲ್ಲ್ಯಾರ ಕಳಸ್ರಿ," ಎಂದಳು ಅವ್ವ.

ಆಗ ನನಗೆ ಚಿಂಚೋಳಿಯಿಂದ ಸಂಬಂಧ ಬಂದಿತ್ತು. ಹುಡುಗ ನನಗೂ ಹಿಡಿಸಿದ್ದ. ಮದುವೆಯಾದ ಮೇಲೂ ಕಲಿಸು ಎಂದಿದ್ದ. ಇನ್ನು ನಮ್ಮ ಕಡೆಯ ಹಿರಿಯರೊಬ್ಬರು ಹೋಗಿ ಮನೆತನ ನೋಡಿ ಬರಬೇಕು, ಅದು ನಮ್ಮ ರೂಢಿ. ಅಪ್ಪನಿಗೆ ಮೊಣಕಾಲು ನೋವು. ಹೀಗಾಗಿ ಕಾಕಾ ಹೊರಟ. ನಾನು ಬಸ್‌ಸ್ಟ್ಯಾಂಡಿನ ತನಕ ಹೋಗಿ, ಬೇರೇನೂ ಬೇಡ ಮಾರಾಯ, ಅಲ್ಲಿ ನನಗೆ ಕೂತು ಓದಲು ಜಾಗ ಇದೆಯೋ ಅಷ್ಟು ನೋಡಿ ಬಾ ಎಂದು ಕೈಮುಗಿದೆ.

ಮರುದಿನ ಬಂದ. ಹೊಲ ಎಷ್ಟಿದೆ ಎಂದು ಅವ್ವ ಕೇಳಿದಳು. ವಿಚಾರಿಸಲಿಲ್ಲವಂತೆ. ಮನೆಗೆ ಮಣ್ಣಿನ ಮಾಳಿಗೆಯೋ ಆರ್‌ಸಿಸಿ ಛಾವಣಿಯೋ? ಮೇಲೆ ನೋಡಲಿಲ್ಲವಂತೆ. ಹುಡುಗ? ಎದುರಿಗೇ ಒಬ್ಬ ಕೂತಿದ್ದನಂತೆ, ಅವನು ಹುಡುಗನೋ ಹುಡುಗನ ಅಣ್ಣನೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲವಂತೆ. ಅಪ್ಪ ಹಣೆ ಚಚ್ಚಿಕೊಂಡ. ಹಾಗಾದರೆ ಅಲ್ಲಿ ಏನು ಕಡಿದು ಕಟ್ಟೆ ಹಾಕಿದೆ ಎಂದು ಅವ್ವ ಹಾರಾಡಿದಳು. ನನಗಂತೂ ಅವನ ಕುತ್ತಿಗೆ ಹಿಚುಕುವಷ್ಟು ಸಿಟ್ಟು ಬಂತು, ಅಳುವೂ ಬಂತು.

ಕಾಕಾ ತನ್ನ ಹಾಸುಗಲ್ಲಿನ ಮೇಲೆ ಕೂತು, ಪಕ್ಕದಲ್ಲಿ ನನಗೆ ಜಾಗ ಬಿಟ್ಟ.

"ಓದಾಕ ಜಾಗ ಭಾಳ ಅದ. ದೊಡ್ಡ ಪಡಸಾಲಿ, ಗಾಳಿ, ಬೆಳಕು," ಎಂದ. "ಆದ್ರ ಮುಂಜಾನಿಂದ ಸಂಜಿತನಕ ನೋಡ್ದೆ. ಆ ಮನ್ಯಾಗ ಒಬ್ಬ ಹೆಣ್ಮಗಳೂ ಕುಂತದ್ದು ನನಗ ಕಾಣಲಿಲ್ಲ."

ಅಪ್ಪ ಕುರ್ಚಿಯಲ್ಲಿದ್ದ. ಅವ್ವ ಚಹಾದ ಟ್ರೇ ಹಿಡಿದು ಅಷ್ಟು ಹೊತ್ತೂ ನಿಂತೇ ಇದ್ದಳು. ಟ್ರೇ ನನ್ನ ಕೈಗೆ ಕೊಟ್ಟು, ಕಾಕಾ ನನಗೆ ಬಿಟ್ಟಿದ್ದ ಜಾಗದಲ್ಲಿ ತಾನು ಹೋಗಿ ಕೂತಳು. ಚಿಂಚೋಳಿಗೆ ಫೋನ್ ಮಾಡಿ, ಈ ಸಂಬಂಧ ಆಗೋದಿಲ್ಲ ಎಂದು ಅಲ್ಲಿಂದಲೇ ಹೇಳಿದಳು.