ಕೊನೆಗೆ ಇಳಿಯುವವಳು

ಬಸ್ಸು ನಿಂತಿತೆಂದರೆ ಎಲ್ಲರಿಗೂ ಒಂದೇ ತಾಪತ್ರಯ. ಲುವಾ ಇಳಿಯುವುದಿಲ್ಲ. ಮುಂದಿನ ಸೀಟು ಅವಳದು, ಬಾಗಿಲಿಗೆ ಮೊಣಕೈ ತಾಗುವಷ್ಟು ಹತ್ತಿರ. ಆದರೂ ಹಿಂದಿನ ಸಾಲಿನವರು ನಿದ್ದೆಯಿಂದೆದ್ದು, ಚಪ್ಪಲಿ ಹುಡುಕಿ, ಆಕಳಿಸುತ್ತ ಇಳಿಯುವವರೆಗೂ ಅವಳು ಕಂಬಿ ಹಿಡಿದು ತಲೆ ಎಣಿಸುತ್ತ ನಿಂತೇ ಇರುವಳು.

"ಲುವಕ್ಕಾ, ಇದು ದೋಣಿ ಅಲ್ಲ ಕಣೇ, ಮಗುಚಲ್ಲ. ಇಳಿ ಬೇಗ, ನಂಗೆ ಅವಸರ," ಎಂದು ಬಾತುಕೋಳಿ ಸಾಕುವ ತ್ವಾನ್ ಹೊಟ್ಟೆ ಹಿಡಿದುಕೊಂಡು ಕುಣಿದ.

"ನೀನು ಹುಟ್ಟಿದ್ದೂ ಅವಸರದಲ್ಲೇ ಅಲ್ವೇನೋ, ನಡುಹೊಳೇಲಿ, ನನ್ನ ದೋಣೀಲಿ. ನಡಿ, ನೀನೇ ಮೊದಲು ಇಳಿ."

ನಲವತ್ತು ದಾಟಿದ ತ್ವಾನ್ ಕಿವಿ ಕೆಂಪಗೆ ಮಾಡಿಕೊಂಡು ಇಳಿದ. ಬಸ್ಸಿನ ಹದಿನಾರು ಜನವೂ ನಕ್ಕರು. ಆ ಹದಿನಾರು ಜನರಲ್ಲಿ ಲುವಾ ಹೊಳೆ ದಾಟಿಸದ ಒಬ್ಬರೂ ಇರಲಿಲ್ಲ.

ದೇಶದ ದಕ್ಷಿಣಕ್ಕಿರುವ ಸಾ ಡೆಕ್ ಪಟ್ಟಣದಿಂದ ಆಚೆಗೆ ಅವರ ಊರು. ಹೊಳೆ ದಾಟಿಸುವ ಕಡವಿನ ದೋಣಿ ಲುವಾಳ ಅವ್ವನದಾಗಿತ್ತು. ಅವ್ವನ ಭುಜ ಸೋತಾಗ ಮಗಳಿಗೆ ಹತ್ತೊಂಬತ್ತು. ಹುಟ್ಟು ಕೈಗಿಡುವಾಗ ಅವ್ವ ಹೇಳಿದ್ದು ಒಂದೇ ಮಾತು: "ಹುಟ್ಟು ಹಿಡಿದವಳು ಕೊನೆಗೆ ಇಳೀಬೇಕು." ಅಂದಿನಿಂದ ನಲವತ್ತನಾಲ್ಕು ವರ್ಷ ಲುವಾ ದೋಣಿಯ ಹಿಂಬದಿಯಲ್ಲಿ ನೆಟ್ಟಗೆ ನಿಂತಳು, ಎರಡು ಹುಟ್ಟುಗಳನ್ನು ಎದೆಯ ಮುಂದೆ ಕತ್ತರಿಯ ಹಾಗೆ ಹಿಡಿದು. ಶಾಲೆಯ ಮಕ್ಕಳನ್ನು ದಾಟಿಸಿದಳು, ಮದುವಣಗಿತ್ತಿಯರನ್ನು, ಹಂದಿಗಳನ್ನು, ಶವಪೆಟ್ಟಿಗೆಗಳನ್ನು. ಗಂಡನೊಬ್ಬ ಬಂದಿದ್ದ, ನೀರಿನ ಮೇಲೆ ಬಾಳಲಾರೆನೆಂದು ನೆಲದ ಮೇಲೆ ಬೇರೆಯವಳನ್ನು ಹುಡುಕಿಕೊಂಡ. ಹೋಗಲಿ ಬಿಡು ಎಂದಳು. ಆಚೆ ದಡದಿಂದ ಯಾರಾದರೂ "ದೋಣಿಯೋ..." ಎಂದು ಕೂಗಿದರೆ ಸಾಕು, ಉಣ್ಣುತ್ತಿದ್ದ ಅನ್ನದ ಬಟ್ಟಲನ್ನು ಅಲ್ಲೇ ಇಟ್ಟು ಏಳುವಳು.

ಕಳೆದ ಮಳೆಗಾಲದಲ್ಲಿ ಸೇತುವೆ ಆಯಿತು. ಮಾರನೆಯ ದಿನದಿಂದ ಒಂದು ಕೂಗೂ ಬರಲಿಲ್ಲ. ಲುವಾ ಹುಟ್ಟುಗಳನ್ನು ಒರೆಸಿ ಸೂರಿಗೆ ಸಿಕ್ಕಿಸಿದಳು.

ಹೊಳೆ ದಾಟಿದ ಮೇಲೆ ಅಂಬಿಗನ ನೆನಪು ಯಾರಿಗೆ ಎನ್ನುತ್ತಾರೆ. ಆದರೆ ಆ ಊರಿಗೆ ನೆನಪಿತ್ತು. ಕ್ವೀ ಮೇಷ್ಟ್ರು ಮನೆಮನೆಗೆ ಹೋಗಿ ಜನ ಕೂಡಿಸಿ, ಹೊಸ ವರ್ಷದ ಹಬ್ಬ ಮುಗಿದ ಮೇಲೆ ಬಸ್ಸು ಹಿಡಿದರು; ದಕ್ಷಿಣದ ತುದಿಯಿಂದ ಉತ್ತರದವರೆಗೆ ದೇಶವನ್ನೇ ನೋಡಿಬರೋಣ ಎಂದು. "ನೀನು ನಮ್ಮನ್ನ ಸಾಗಿಸಿದ್ದು ಸಾಕು ಲುವಾ. ಈಗ ನಾವು ನಿನ್ನ ಸಾಗಿಸ್ತೀವಿ," ಎಂದರು.

ಮಾತೇನೋ ಸಕ್ಕರೆಯಂಥದ್ದೇ. ಆದರೆ ಲುವಾಳ ಎದೆಗೆ ಮುಳ್ಳಿನ ಹಾಗೆ ಹೋಯಿತು. ಆರು ದಿನ ಅವಳು ಮುಂದಿನ ಸೀಟಿನಲ್ಲಿ ಮೂಟೆಯ ಹಾಗೆ ಕೂತಳು. ಸೇತುವೆ ಬಂದಾಗಲೆಲ್ಲ ಮುಖ ತಿರುಗಿಸಿದಳು. ಮಡಿಲಲ್ಲಿದ್ದ ಕೈಗಳು ತಾವಾಗಿಯೇ ಗಾಳಿ ತಳ್ಳುತ್ತಿದ್ದವು. ಅವಳಿಗೆ ಬೇಕಿದ್ದದ್ದು ಒಂದೇ: ಇನ್ನೊಂದು ಸಲ ಈ ಜನ ದೋಣಿಯಲ್ಲಿ ಕೂರಬೇಕು, ಅದನ್ನು ತಾನು ದಡ ಮುಟ್ಟಿಸಬೇಕು. ಬಾಯಿ ಬಿಟ್ಟು ಯಾರಿಗೂ ಹೇಳಲಿಲ್ಲ.

ಉತ್ತರದ ನಿನ್ ಬಿನ್ ತಲುಪಿದಾಗ ಜಿಟಿಜಿಟಿ ಹನಿ, ಮೂಳೆ ಕೊರೆಯುವ ಚಳಿ. ತಂದ ಬಟ್ಟೆಯನ್ನೆಲ್ಲ ಒಂದರ ಮೇಲೊಂದು ಹಾಕಿಕೊಂಡು ಎಲ್ಲರೂ ಬಾಳೆಯ ದಿಂಡಿನಂತಾಗಿದ್ದರು. ಇಲ್ಲಿಯವರು ತಮ್ಮೂರಿನ ಹಾಗೆ ಸಾರಿಗೆ ಸಕ್ಕರೆ ಹಾಕುವುದಿಲ್ಲವೆಂದು ತ್ವಾನ್ ಜೇಬಿನಲ್ಲೇ ಸಕ್ಕರೆ ಪೊಟ್ಟಣ ಇಟ್ಟುಕೊಂಡು ತಿರುಗುತ್ತಿದ್ದ.

ಕಲ್ಲುಬೆಟ್ಟಗಳ ನಡುವೆ ತೆಳ್ಳಗೆ ಹರಿಯುವ ಹೊಳೆ. ಬೆಟ್ಟದಡಿ ನೀರು ನುಗ್ಗುವ ಮೂರು ಗವಿ. ಲುವಾ, ಮೇಷ್ಟ್ರು, ತ್ವಾನ್ ಮೂವರೂ ಮೂಯಿ ಎಂಬ ಅಂಬಿಗಿತ್ತಿಯ ದೋಣಿ ಹತ್ತಿದರು. ಮೂಯಿ ಹಿಂದಕ್ಕೊರಗಿ, ಎರಡೂ ಪಾದಗಳಿಂದ ಹುಟ್ಟು ತುಳಿಯುತ್ತ, ಕೈಯಲ್ಲಿ ಸ್ವೆಟರ್ ಹೆಣೆಯುತ್ತಿದ್ದಳು.

ಲುವಾ ಕಣ್ಣರಳಿಸಿದಳು. "ಕಾಲಲ್ಲಾ!"

"ಮತ್ತೆ? ನಿಮ್ಮ ಕಡೆ ಹೇಗೆ ಹಿರಿಯಮ್ಮ?"

"ನಿಂತ್ಕೊಂಡು, ಕೈಯಲ್ಲಿ."

"ಹಾಗಾದ್ರೆ ಕಾಲಿರೋದು ಯಾಕೆ?"

"ನಿಲ್ಲೋಕೆ!"

ಇಬ್ಬರೂ ನಕ್ಕರು. ಆ ನಗುವಿನ ಸಲಿಗೆಯಲ್ಲೇ ಲುವಾ ಕೇಳಿದಳು, "ಒಂದು ಗಳಿಗೆ ನಂಗೆ ಕೊಡ್ತೀಯಾ?"

"ಅಯ್ಯೋ, ಬೇಡಮ್ಮ. ಗಿರಾಕಿ ಕೈಗೆ ಹುಟ್ಟು ಕೊಟ್ಟೆ ಅಂತ ಗೊತ್ತಾದ್ರೆ ನನ್ನ ಪಾಳಿ ತಪ್ಪಿಸ್ತಾರೆ. ತೆಂಗಿನ ನಾಡಿನವರು ನೀವು, ಬೆಚ್ಚಗೆ ಕೂತು ನೋಡಿ."

ಲುವಾ ಕೈಗಳನ್ನು ಕಂಕುಳಲ್ಲಿ ಅವಿತಿಟ್ಟುಕೊಂಡಳು. ಮೇಷ್ಟ್ರು ಅದನ್ನು ನೋಡಿದರು.

ಮೂರೂ ಗವಿ ದಾಟಿ ಹೋದದ್ದಾಯಿತು. ತಿರುಗಿ ಬರುವಾಗ, ಕೊನೆಯ ಉದ್ದನೆ ಗವಿಯೊಳಗೆ ಮೂಯಿ ಚೀರಿದಳು. ಎಡಗಾಲಿನ ಮೀನಖಂಡ ಚಳಿಗೆ ಗಂಟು ಕಟ್ಟಿತ್ತು. ಹುಟ್ಟು ನಿಂತಿತು, ದೋಣಿ ಅಡ್ಡಕ್ಕೆ ತಿರುಗಿ ಬಂಡೆಗೆ ಉಜ್ಜಿತು. ತ್ವಾನ್ ಸಕ್ಕರೆ ಪೊಟ್ಟಣವನ್ನು ಎದೆಗವಚಿಕೊಂಡು ಬುದ್ಧನನ್ನು ಕೂಗತೊಡಗಿದ.

"ಹಿರಿಯಮ್ಮಾ, ಹುಟ್ಟು ಹಿಡೀರಿ!" ಎಂದಳು ಮೂಯಿ.

ಲುವಾ ಆಗಲೇ ಹಿಂಬದಿಗೆ ಬಂದಿದ್ದಳು. ಹಳೆಯ ರೂಢಿಯಲ್ಲಿ ಧಡಕ್ಕನೆ ಎದ್ದು ನಿಂತಳು. ಪಟ್! ತಗ್ಗು ಛಾವಣಿಗೆ ಬಡಿದು ತಲೆ ಮೇಲಿನ ಎಲೆಟೊಪ್ಪಿ ಅಪ್ಪಳದ ಹಾಗೆ ಮುರಿಯಿತು.

"ಓಹೋ, ಇದಕ್ಕಾ ನೀವು ಮಲಗಿ ಹುಟ್ಟು ಹಾಕೋದು!" ಎನ್ನುತ್ತ ಮಂಡಿಯೂರಿದಳು. ಒಂದೇ ಹುಟ್ಟನ್ನು ಕಿತ್ತುಕೊಂಡು, ಬಂಡೆಗೊಮ್ಮೆ ಒತ್ತಿ, ನೀರಿಗೊಮ್ಮೆ ಒತ್ತಿ, ಕತ್ತಲಲ್ಲಿ ದೋಣಿಯನ್ನು ನೆಟ್ಟಗೆ ಮಾಡಿದಳು. ಕೈ ಮರೆತಿರಲಿಲ್ಲ. ಏಳು ತಿಂಗಳು ಸೂರಿನಡಿ ಕೂತ ಕೈ, ಒಂದು ಗೇಣನ್ನೂ ಮರೆತಿರಲಿಲ್ಲ.

ಗವಿಯ ಬಾಯಿಂದ ಹೊರಬಿದ್ದರೆ ಎದುರುಗಾಳಿ. ಊರಿನವರಿದ್ದ ಉಳಿದ ದೋಣಿಗಳು ಅಲ್ಲೇ ತಿಣುಕುತ್ತಿದ್ದವು. ಅಂಬಿಗಿತ್ತಿಯರು ಎಷ್ಟು ತುಳಿದರೂ ಮಾರು ದೂರ ಸಾಗದು. ಲುವಾ ಕೊರಳಿನ ಚೌಕಳಿ ವಸ್ತ್ರ ಬಿಚ್ಚಿ ಹುಟ್ಟನ್ನು ಹಿಂದಿನ ಗೂಟಕ್ಕೆ ಬಿಗಿದಳು. ಎದ್ದು ನಿಂತಳು. ಈಗ ತಲೆಯ ಮೇಲೆ ಆಕಾಶವಲ್ಲದೆ ಬೇರೇನೂ ಇರಲಿಲ್ಲ. ಮೈಭಾರವನ್ನೆಲ್ಲ ಮುಂದಕ್ಕೆ ಹಾಕಿ ಒತ್ತಿದಳು. ದೋಣಿ ಗಾಳಿಯನ್ನು ಸೀಳಿಕೊಂಡು ಹೊರಟಿತು. ಒಂದು ದೋಣಿ ಹಿಂದೆ ಬಿತ್ತು, ಎರಡು, ಮೂರು.

ಮೊದಲು ಕೂಗಿದವರು ಮೇಷ್ಟ್ರು. ಎಪ್ಪತ್ತರ ಮನುಷ್ಯ, ಎರಡೂ ಕೈ ಬಾಯಿಗೆ ಹಿಡಿದು, ಆಚೆ ದಡದಲ್ಲಿ ನಿಂತವರ ಹಾಗೆ: "ದೋಣಿಯೋ..."

ಹಿಂದಿನ ದೋಣಿಗಳಿಂದ ಒಬ್ಬೊಬ್ಬರೇ ದನಿ ಸೇರಿಸಿದರು. "ದೋಣಿಯೋ... ಲುವಕ್ಕಾ, ದೋಣಿಯೋ..." ಬೆಟ್ಟಗಳು ಆ ಕೂಗನ್ನು ಹಿಡಿದು ಒಂದಕ್ಕೊಂದು ಎಸೆದವು.

"ಬಂದೇ ತಡೀರೋ!" ಎಂದಳು ಲುವಾ, ನಲವತ್ತನಾಲ್ಕು ವರ್ಷ ಹೇಳಿದ ಹಾಗೆಯೇ.

ದಡ ಮುಟ್ಟಿತು. ಮೇಷ್ಟ್ರು ಇಳಿದರು, ತ್ವಾನ್ ಇಳಿದ. ಮೂಯಿ ಕುಂಟುತ್ತ ದೋಣಿಯ ಅಂಚಿನಲ್ಲಿ ನಿಂತಳು.

"ಇಳೀರಿ ಹಿರಿಯಮ್ಮ. ನೀವು ಗಿರಾಕಿ. ನಮ್ಮಲ್ಲಿ ಅಂಬಿಗಿತ್ತಿ ಕೊನೆಗೆ ಇಳಿಯೋದು."

"ನಮ್ಮಲ್ಲೂ ಅಷ್ಟೇ," ಎಂದಳು ಲುವಾ. "ಹುಟ್ಟು ಯಾರ ಕೈಲಿದೆ ನೋಡು."

ಮೂಯಿ ನೋಡಿದಳು. ಸ್ವೆಟರನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ತಲೆ ಬಾಗಿಸಿ ಇಳಿದಳು.

ಲುವಾ ಆಮೇಲೆ ಇಳಿದಳು. ನಿಧಾನವಾಗಿ, ಎಲ್ಲರಿಗಿಂತ ಕೊನೆಗೆ, ಮುರಿದ ಟೊಪ್ಪಿಯನ್ನು ಕಿರೀಟದ ಹಾಗೆ ತಲೆಗಿಟ್ಟುಕೊಂಡು.