ಟ್ಯೂಬು ಒರೆಸುವ ಬಗೆ

ಆಪರೇಷನ್‌ಗೆಂದು ಆಸ್ಪತ್ರೆ ಸೇರುವ ಹಿಂದಿನ ದಿನ, ಕ್ರಿಮಿ ಬೆಳೆಸುವ ಲ್ಯಾಬಿನಲ್ಲಿ ಗಾಜಿನ ತಟ್ಟೆ ತೊಳೆಯುವ ಕೆಲಸದಲ್ಲಿದ್ದ ಅವಳ ಗಂಡ ಊಟಕ್ಕೆ ಕೂತು ಹೇಳಿದ್ದ: “ಕ್ರಿಮಿಗಳಿಗೆ ಕಾಲಿಲ್ಲ ಕಣೇ. ಕೂದಲಿನಂಥದ್ದನ್ನ ಮುಂದೆ ಚಾಚಿ ಅಂಟಿಸ್ತವೆ, ಆಮೇಲೆ ಅದನ್ನೇ ಒಳಕ್ಕೆಳ್ಕೊಂಡು ಮುಂದಕ್ಕೆ ಜರುಗ್ತವೆ.”

“ನಿಮ್ಮ ತಲೇಲಿ ಇಲ್ಲದ ಕೂದಲು ಅವಕ್ಕಿದೆಯಾ?” ಎಂದು ಅವಳು ನಕ್ಕಿದ್ದಳು.

ಅವನ ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಮೂತ್ರದ ಟ್ಯೂಬು ಹಿಡಿದು ಕ್ರಿಮಿಗಳು ಒಳಹೊಕ್ಕವು. ಜ್ವರ ಏರಿತು, ಅವನು ಉಳಿಯಲಿಲ್ಲ.

ಈಗ ಹಾಸಿಗೆ ಹಿಡಿದ ಅತ್ತೆಗೂ ಅಂಥದೇ ಟ್ಯೂಬು. ಅವರ ಹಣೆ ತುಸು ಬೆಚ್ಚಗಾದರೂ ಅವಳ ಜೀವ ಬಾಯಿಗೆ ಬರುತ್ತದೆ.

“ಎಷ್ಟು ಉಜ್ತೀಯೇ, ನಾನೇನು ಪಾತ್ರೆಯಾ?” ಎನ್ನುತ್ತಾರೆ ಅತ್ತೆ.

“ಸುಮ್ನಿರಿ ಅತ್ತೆ, ಟ್ಯೂಬು ಹತ್ತಿ ಬರೋರನ್ನ ಕೆಳಗಿಳಿಸ್ತಿದ್ದೀನಿ.”

ದಿನಾ ಬೆಳಿಗ್ಗೆ ಅವಳು ಸೋಪು ಹಚ್ಚಿ ಕೈ ತೊಳೆದು, ಒದ್ದೆ ಬಟ್ಟೆಯಿಂದ ಟ್ಯೂಬನ್ನು ಮೈಯ ಕಡೆಯಿಂದ ಹೊರಕ್ಕೆ ಒರೆಸುತ್ತಾಳೆ. ಹೊರಗಿನಿಂದ ಮೈಯ ಕಡೆಗೆ ಎಂದೂ ಇಲ್ಲ.